ಮೊದಲ ಐವತ್ತು ಮೈಲಿ

ಗ್ಯಾರಿಯ ಉಕ್ಕಿನ ಕಾರ್ಖಾನೆ, ಮೂರನೇ ಗೇಟು,
ಬೆಳಗಿನ ನಾಲ್ಕೂವರೆ. ಸರೋವರದ ಗಾಳಿಗೆ
ಮೂಗು ಇದೆಯೋ ಇಲ್ಲವೋ ಮುಟ್ಟಿ ನೋಡಿಕೊಂಡೆ.
ಕ್ರೇನು ತಂದಿಳಿಸಿದ್ದು ಒಂದೇ ಒಂದು ಸುರುಳಿ,
ನಲವತ್ಮೂರು ಸಾವಿರ ಪೌಂಡು;
ಈಗಷ್ಟೇ ಎದ್ದವರು ಸುತ್ತಿಟ್ಟ ಚಾಪೆಯಂತೆ
ಒಳಗಿನ್ನೂ ಮೈಬಿಸಿ.
ಕೈಗವಸು ಕಳಚಿ ಎರಡೂ ಅಂಗೈ ಒತ್ತಿದೆ.
ಯಾರೂ ನೋಡುತ್ತಿರಲಿಲ್ಲ.

ಅಡಿಯಲ್ಲಿ ಟ್ರೇಲರು ನರಳಿತು.
ಬರಿದಾಗಿದ್ದಾಗ ಅದರ ಬೆನ್ನು ಬಿಲ್ಲಿನಂತೆ ಮೇಲಕ್ಕೆ,
ಭಾರ ಕೂತೊಡನೆ ನೇರ.
"ಹೊರೆ ಬಿದ್ದ ಮೇಲೇ ಕೆಲವು ನೆಟ್ಟಗಾಗೋದು"
ಅಂತ ಹೇಳಿಕೊಟ್ಟವಳು ವರ್ಲೀನ್ ಪ್ರೂಯಿಟ್,
ಮೂವತ್ತೊಂದು ವರ್ಷ ಇದೇ ದಾರಿಯಲ್ಲಿ ಉಕ್ಕು ಹೊತ್ತವಳು.

ಮೈಲಾರಿ ಎಂಬುದು ಯಾರ ನಾಲಗೆಗೂ ಹೊರಳದೆ
ಇಲ್ಲಿ ನಾನು ಮೈಲ್ಸ್.
ಮೈಲಿಗಿಷ್ಟು ಸೆಂಟೆಂದು ದುಡಿಯುವವನಿಗೆ
ಒಪ್ಪುವ ಹೆಸರೇ, ಬಿಡಿ.
ನಮ್ಮಜ್ಜ ಗೊರವ. ಕಂಬಳಿ ನಿಲುವಂಗಿ ತೊಟ್ಟು
ದೇವರ ಮುಂದೆ ಜಗ್ಗಿ ಜಗ್ಗಿ
ಕಬ್ಬಿಣದ ಸರಪಳಿ ಹರಿಯುತ್ತಿದ್ದ.
ಮೊಮ್ಮಗನಿಗೆ ಸಂಬಳ
ಸರಪಳಿ ಹರಿಯದಿದ್ದರೆ ಮಾತ್ರ.

ಸುರುಳಿಯ ಕಣ್ಣು ರಸ್ತೆಯ ಬದಿಗೆ ನೋಡುವಂತೆ ಹೇರಿದ್ದಾರೆ.
ಈ ಬಗೆಗೆ ಚಾಲಕರಿಟ್ಟ ಹೆಸರು ಆತ್ಮಹತ್ಯೆ:
ಬ್ರೇಕಿಗೆ ಕಟ್ಟು ಬಿಟ್ಟರೆ
ಅದು ನೇರ ಉರುಳಿ ಬರುವುದು ನನ್ನ ತಲೆದಿಂಬಿಗೆ.
ಕಣ್ಣಿನೊಳಗಿಂದ ತೂರಿಸಿದೆ ಎಂಟು ಸರಪಳಿ,
ನಾಲ್ಕು ಮುಂದಕ್ಕೆ, ನಾಲ್ಕು ಹಿಂದಕ್ಕೆ.
ಎಲ್ಲವೂ ವರ್ಲೀನಳವೇ. ಭುಜ ಕೈಕೊಟ್ಟ ವರ್ಷ
ನನಗೆ ಅರ್ಧ ಬೆಲೆಗೆ ಮಾರಿದಳು;
ಕೊನೆಯ ಕೊಂಡಿಗಳಲ್ಲಿ ಅವಳು ಬಳಿದ ನೀಲಿ
ಇನ್ನೂ ಅಲ್ಲಲ್ಲಿ.

ಒಮ್ಮೆ ಅವಳಿಗೆ ಹೇಳಹೋಗಿದ್ದೆ:
ನಮ್ಮಲ್ಲಿ ಕಟ್ಟುವುದೆಂದರೆ ಏನೆಲ್ಲ, ವರ್ಲೀನ್!
ಮನೆ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ,
ಫೀಸು ಕಟ್ಟುತ್ತೇವೆ, ಇಲ್ಲದ ಕತೆ ಕಟ್ಟುತ್ತೇವೆ,
ಮೋಡ ಕಟ್ಟುತ್ತದೆ, ಗಂಟಲೂ.
"ಅಷ್ಟೆಲ್ಲ ಕಟ್ಟೋನು
ಇದನ್ನ್ಯಾಕೆ ಸಡಿಲ ಬಿಟ್ಟಿದ್ದೀಯ?" ಅಂದಳು,
ಬೂಟಿನಿಂದ ನನ್ನ ಸರಪಳಿ ಒದ್ದು.

ಅವಳು ಐವತ್ತು ಮೈಲಿಗೆ ನಿಲ್ಲಿಸದೆ ಹೋದದ್ದು
ಒಂದೇ ಸಲವಂತೆ. ತಡವಾಗಿತ್ತು, ಮಳೆ.
ವಾಲ್ಪರೈಸೊ ಹತ್ತಿರ ಕೆಂಪು ದೀಪ.
ಸುರುಳಿ ಬಲಕ್ಕೆ ಬಿತ್ತು,
ಹಳೇ ಕಾರು ಮಾರುವ ಅಂಗಳಕ್ಕೆ;
ಮೂರು ಕಾರು ರೊಟ್ಟಿಯಾದವು, ಬೆಲೆಚೀಟಿ ಸಮೇತ.
ಎಡಕ್ಕೆ ಏನಿತ್ತು, ಕೇಳಿದೆ.
"ಕಾಫಿ ಆರಿಹೋಯ್ತು" ಅಂದಳು.

ಅದಕ್ಕೇ ರೆನ್ಸೆಲೇರಿನಲ್ಲಿ ಇಳಿದೆ.
ಎರಡೂ ಕಡೆ ಕೊಯ್ದ ಜೋಳದ ಕೂಳೆ, ಅದರ ಮೇಲೆ
ಹಿಟ್ಟು ಜರಡಿ ಹಿಡಿದಂಥ ಹಿಮ.
ಟಾರ್ಪಾಲಿನ ಸೆರಗೆತ್ತಿ ಒಳಗೆ ನುಸುಳಿ
ಸುತ್ತಿಗೆಯಿಂದ ಒಂದೊಂದೇ ಸರಪಳಿ ತಟ್ಟಿದೆ:
ಠಣ್. ಠಣ್. ಮೂರನೆಯದು
ನೆಗಡಿಯಾದವನ ಹಾಗೆ ಮಾತಾಡಿತು.
ಅಡಿಯ ಮರ ಒಂದು ಬೆರಳು ಕೂತಿದೆ, ಅಷ್ಟೆ;
ನನ್ನ ಮೊಣಕಾಲೂ ಕೂತಿತು.

ಜಗ್ಗಿದೆ. ರಾಚೆಟ್ಟಿನ ಒಂದು ಹಲ್ಲು, ಇನ್ನೊಂದು.
ವರ್ಲೀನಳಿಗೆ ಮೆಸೇಜು: "ಮೂರನೆಯದು. ಎರಡು ಹಲ್ಲು."
ಕೊಕೊಮೊದ ಅಡುಗೆಮನೆಯಲ್ಲಿ
ನಸುಕಿಗೇ ಎದ್ದು ಕೂತಿರುತ್ತಾಳೆ ಹೇಗೂ.
ಉತ್ತರ ಬಂತು: "ಹೂಂ. ಇಂಡಿಯಾನಾಪೊಲಿಸ್‌ನಲ್ಲಿ ಮತ್ತೆ ನೋಡು."

ಮಧ್ಯಾಹ್ನ ಲೂಯಿವಿಲ್ಲು. ಸುರುಳಿ ಈಗ ಕಲ್ಲಿನಷ್ಟು ತಣ್ಣಗೆ.
ನಾಳೆಯಿಂದ ಅದನ್ನು ಬಿಡಿಸಿ, ಕತ್ತರಿಸಿ,
ಬಟ್ಟೆ ಒಗೆಯುವ ಮಶೀನು ಮಾಡುತ್ತಾರೆ;
ಯಾರದೋ ಕಾಲುಚೀಲ ಅದರೊಳಗೆ ತಿರುಗುತ್ತದೆ.
ಕ್ರೇನು ಎತ್ತಿತು.
ಟ್ರೇಲರಿನ ಬೆನ್ನು ಮೆಲ್ಲಗೆ ಮತ್ತೆ ಬಿಲ್ಲಾಯಿತು.
ಸರಪಳಿ ಮಡಚಿ ಪೆಟ್ಟಿಗೆಗೆ ಹಾಕಲು ಬಗ್ಗಿದ ನಾನು
ಅರ್ಧಕ್ಕೇ ಹಿಡಿದುಕೊಂಡು
ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.